ಕನ್ನಡದ ದೂರುಗಳನ್ನು ವಿಂಗಡಿಸಲು ಭಾಷಾ ಮಾದರಿಯನ್ನು ಪಳಗಿಸುವ ಬಗೆ

ವಿದ್ಯುತ್ ಸರಬರಾಜು ಕಂಪನಿಯೊಂದಕ್ಕೆ ಬರುವ ಲಿಖಿತ ದೂರುಗಳನ್ನು ಬಿಲ್ಲಿನ ತಕರಾರು, ವೋಲ್ಟೇಜ್ ಏರಿಳಿತ, ಸುಟ್ಟುಹೋದ ಟಿಸಿ (ಟ್ರಾನ್ಸ್‌ಫಾರ್ಮರ್), ಹರಿದುಬಿದ್ದ ತಂತಿ ಎಂದು ವಿಂಗಡಿಸಿ ಆಯಾ ವಿಭಾಗಕ್ಕೆ ಕಳುಹಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಾಗಿದೆ ಎಂದುಕೊಳ್ಳೋಣ. ಇದಕ್ಕೆ ಹರಟೆ ಹೊಡೆಯಬಲ್ಲ ದೈತ್ಯ ಭಾಷಾ ಮಾದರಿಯೇ (ಅಪಾರ ಪಠ್ಯದಿಂದ ಭಾಷೆಯ ಬಳಕೆಯನ್ನು ಕಲಿತ ತಂತ್ರಾಂಶ) ಬೇಕೆಂದೇನೂ ಇಲ್ಲ. ಗೂಗಲ್ 2018ರಲ್ಲಿ ಹೊರತಂದ ಮಾದರಿಯಾದ ಬರ್ಟ್‌ನ ವಂಶಕ್ಕೆ ಸೇರಿದ ಸಣ್ಣ ಮಾದರಿ ಸಾಕು. ಅದನ್ನು ಕಂಪನಿಯ ಸರ್ವರ್‌ನಲ್ಲೇ ಇರಿಸಿಕೊಳ್ಳಬಹುದಾದ್ದರಿಂದ ಗ್ರಾಹಕರ ಹೆಸರು, ಆರ್‌ಆರ್ ನಂಬರು ಹೊರಗೆ ಹೋಗುವುದಿಲ್ಲ.

ಕೋಡ್ ಬರೆಯುವ ಮೊದಲು ವಿಭಾಗಗಳ ನಿಯಮವನ್ನು ಬರೆಯಬೇಕು. ‘ಮೂರು ದಿನದಿಂದ ಕರೆಂಟ್ ಇಲ್ಲ, ಬಿಲ್ ಮಾತ್ರ ಜಾಸ್ತಿ ಬಂದಿದೆ’ ಎಂಬ ದೂರು ಯಾವ ವಿಭಾಗಕ್ಕೆ ಸೇರಬೇಕು? ದೂರು ವಿಭಾಗದ ಇಬ್ಬರು ಅನುಭವಿಗಳಿಗೆ ಒಂದೇ 200 ದೂರುಗಳನ್ನು ಕೊಟ್ಟು, ಪರಸ್ಪರ ಕೇಳದೆ ಗುರುತು ಹಾಕಲು ಹೇಳಿ. ಅವರ ಉತ್ತರ ಬೇರೆಯಾದ ಕಡೆಯಲ್ಲೆಲ್ಲ ನಿಯಮವನ್ನು ತಿದ್ದಿ. ಅವರಿಬ್ಬರಿಗೇ ಒಮ್ಮತವಿಲ್ಲದ ವಿಭಾಗವನ್ನು ಮಾದರಿ ಕಲಿತೀತೆಂದು ನಿರೀಕ್ಷಿಸಬಾರದು. ನಿಯಮ ಗಟ್ಟಿಯಾದ ಮೇಲೆ ಪ್ರತಿ ವಿಭಾಗಕ್ಕೆ ಕೆಲವು ನೂರು ಉದಾಹರಣೆಗಳಿಂದ ಆರಂಭಿಸಬಹುದು.

ಪಠ್ಯವನ್ನು ಶುಚಿಗೊಳಿಸುವಾಗ ಕನ್ನಡಕ್ಕೇ ವಿಶಿಷ್ಟವಾದ ತೊಡಕುಗಳು ಎದುರಾಗುತ್ತವೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಸಂಕೇತದಲ್ಲಿರುವ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು, ಕಣ್ಣಿಗೆ ಕಾಣದ ಜೋಡಕ ಅಕ್ಷರಗಳನ್ನು ಒಂದೇ ಕ್ರಮಕ್ಕೆ ತರಬೇಕು. ಆದರೆ ಪದಗಳ ಪ್ರತ್ಯಯವನ್ನು ಕತ್ತರಿಸುವ ಹಳೆಯ ರೂಢಿಯನ್ನು ಇಲ್ಲಿ ಬಿಟ್ಟುಬಿಡುವುದೇ ಲೇಸು. ‘ಬಿಲ್ ಬಂದಿದೆ’ ಮತ್ತು ‘ಬಿಲ್ ಬಂದಿಲ್ಲ’ ಎಂಬುವುಗಳ ವ್ಯತ್ಯಾಸವೆಲ್ಲ ಇರುವುದು ಪದದ ಬಾಲದಲ್ಲಿ.

ಮಾದರಿಯ ಆಯ್ಕೆಯಲ್ಲಿ ನನ್ನ ಒಲವು ಮುರಿಲ್ ಕಡೆಗೆ. ಭಾರತೀಯ ಭಾಷೆಗಳಿಗೆಂದೇ ಗೂಗಲ್ ರೂಪಿಸಿದ ಈ ಮಾದರಿಗೆ ರೋಮನ್ ಲಿಪಿಗೆ ಲಿಪ್ಯಂತರಿಸಿದ ಪಠ್ಯವನ್ನೂ ಉಣಿಸಲಾಗಿದೆ. ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ನೂರು ಭಾಷೆಗಳ ಎಕ್ಸ್‌ಎಲ್‌ಎಂ-ಆರ್ ಕೂಡ ಪರೀಕ್ಷಿಸಲು ಯೋಗ್ಯ. ಯಾವುದನ್ನು ಆರಿಸಿದರೂ ಪಠ್ಯವನ್ನು ತುಣುಕುಗಳಾಗಿ ಒಡೆಯುವ ಟೋಕನೈಸರ್‌ನ ಫಲಿತಾಂಶವನ್ನು ಒಮ್ಮೆ ಕಣ್ಣಾರೆ ನೋಡಿ. ಯುರೋಪಿನ ಭಾಷೆಗಳ ಸ್ವರಚಿಹ್ನೆಗಳನ್ನು ಅಳಿಸಲೆಂದು ಇರುವ ಆಯ್ಕೆಯೊಂದು ಚಾಲೂ ಆಗಿದ್ದರೆ ಅದು ಕನ್ನಡದ ಇಕಾರದ ಗುಣಿತವನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಸದ್ದಿಲ್ಲದೆ ತೆಗೆದುಹಾಕುತ್ತದೆ, ಆಗ ‘ಬಿಲ್’ ಎಂಬುದು ‘ಬಲ’ವಾಗುತ್ತದೆ. ಉದ್ದ ಪದಗಳು ಅನೇಕ ತುಣುಕುಗಳಾಗಿ ಒಡೆಯುವುದರಿಂದ 512 ತುಣುಕುಗಳ ಮಿತಿ ದೀರ್ಘ ಅರ್ಜಿಗಳಿಗೆ ಬೇಗ ಮುಗಿಯುತ್ತದೆ; ‘ಮಾನ್ಯರೇ’, ವಿಳಾಸ ಮುಂತಾದ ಔಪಚಾರಿಕ ಭಾಗಗಳನ್ನು ಮೊದಲೇ ತೆಗೆದುಬಿಡಿ.

ತರಬೇತಿ ಈಗ ಸರಳವಾದ ಹಂತ. ಕಲಿಕೆಯ ದರ (ಪ್ರತಿ ಹೆಜ್ಜೆಯಲ್ಲಿ ಮಾದರಿ ತನ್ನನ್ನು ಎಷ್ಟು ತಿದ್ದಿಕೊಳ್ಳಬೇಕೆಂಬ ಪ್ರಮಾಣ) 0.00002ರಿಂದ 0.00005ರೊಳಗೆ ಇರಲಿ, ದತ್ತಾಂಶದ ಮೇಲೆ ಎರಡರಿಂದ ನಾಲ್ಕು ಸುತ್ತು ಸಾಕು. ಹೋಲಿಕೆಗಾಗಿ ಅಕ್ಷರಗುಚ್ಛಗಳ ಎಣಿಕೆಯನ್ನೇ ನೆಚ್ಚಿದ ಲಾಜಿಸ್ಟಿಕ್ ರಿಗ್ರೆಶನ್ ಎಂಬ ಸರಳ ಸಂಖ್ಯಾಶಾಸ್ತ್ರೀಯ ವಿಧಾನವನ್ನೂ ಓಡಿಸಿ; ಅದರ ಫಲಿತಾಂಶವೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಇಂಥ ಮಾದರಿಗಳನ್ನು ಓಡಿಸುವ ದುಬಾರಿ ಚಿಪ್ ಆದ ಜಿಪಿಯುಗೆ ಹಣ ಸುರಿಯುವ ಅಗತ್ಯವಿಲ್ಲ.

ಪರೀಕ್ಷೆಗೆ ದೂರುಗಳನ್ನು ಚೀಟಿ ಎತ್ತಿದಂತೆ ಆರಿಸದೆ ಕಾಲಾನುಕ್ರಮದಲ್ಲಿ ಬೇರ್ಪಡಿಸಬೇಕು: ಏಪ್ರಿಲ್‌ವರೆಗಿನ ದೂರುಗಳಿಂದ ಕಲಿತ ಮಾದರಿ, ಮುಂಗಾರಿನಲ್ಲಿ ಮರ ಬಿದ್ದು ತಂತಿ ತುಂಡಾದ ದೂರುಗಳು ಸುರಿಯುವ ಜೂನ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ನೋಡಬೇಕು. ಒಬ್ಬರೇ ಮತ್ತೆ ಮತ್ತೆ ಕಳುಹಿಸಿದ ಒಂದೇ ದೂರು ತರಬೇತಿ, ಪರೀಕ್ಷೆ ಎರಡೂ ಕಡೆ ಉಳಿದರೆ ಅಂಕಗಳು ಸುಳ್ಳು ಹೇಳುತ್ತವೆ. ಒಟ್ಟಾರೆ ನಿಖರತೆಯೊಂದನ್ನೇ ನಂಬದೆ ಪ್ರತಿ ವಿಭಾಗವನ್ನೂ ಪ್ರತ್ಯೇಕವಾಗಿ ಅಳೆಯಿರಿ, ಏಕೆಂದರೆ ಬಿಲ್ಲಿನ ದೂರು ತಪ್ಪು ಮೇಜಿಗೆ ಹೋದರೆ ಒಂದು ದಿನ ತಡವಾದೀತು, ನೆಲಕ್ಕೆ ಬಿದ್ದ ತಂತಿಯ ದೂರು ತಪ್ಪಿದರೆ ಜೀವಹಾನಿಯಾದೀತು. ಆ ವಿಭಾಗದ ಸಣ್ಣ ಅನುಮಾನ ಬಂದರೂ ದೂರು ನೇರವಾಗಿ ಪಾಳಿಯಲ್ಲಿರುವ ಸಿಬ್ಬಂದಿಯ ಮುಂದೆ ತೆರೆದುಕೊಳ್ಳುವಂತೆ, ಮಾದರಿಗೆ ಎಷ್ಟು ಖಚಿತವಿರಬೇಕೆಂಬ ಮಿತಿಯನ್ನು ಕೆಳಗಿಡಿ, ಅವರು ತಿದ್ದಿದ ಗುರುತುಗಳನ್ನು ಮುಂದಿನ ತರಬೇತಿಗಾಗಿ ಕೂಡಿಡಿ.