ಬಿ.ವಿ. ಕಾರಂತರ ನೆನಪಿಗೆ ‘ಚೋಮನ ದುಡಿ’ ಪ್ರದರ್ಶನ ಏರ್ಪಡಿಸುವ ಬಗೆ

ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ತೀರಿಕೊಂಡದ್ದು 2002ರ ಸೆಪ್ಟೆಂಬರ್ 1ರಂದು. ರಂಗಭೂಮಿಯ ಕಾರಂತರನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ. ಸಿನಿಮಾದ ಕಾರಂತರನ್ನು ನೆನೆಯಬೇಕಾದರೆ, ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ 1975ರಲ್ಲಿ ಅವರು ಮಾಡಿದ, ಸ್ವರ್ಣಕಮಲ ಪಡೆದ ‘ಚೋಮನ ದುಡಿ’ಯನ್ನು ಊರವರೆಲ್ಲ ಒಟ್ಟಿಗೆ ಕುಳಿತು ನೋಡಬೇಕು.

ಮೊದಲ ಕೆಲಸ ಅನುಮತಿ. ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ನಂತರ 60 ವರ್ಷ ಇರುವುದರಿಂದ, ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಹಾಗೆಯೇ ಸಾರ್ವಜನಿಕವಾಗಿ ತೋರಿಸುವಂತಿಲ್ಲ. ಹಕ್ಕುದಾರರಿಗೆ ಎರಡು ತಿಂಗಳು ಮುಂಚೆಯೇ ಬರೆಯಿರಿ.

ಜಾಗದ ಆಯ್ಕೆಯಲ್ಲಿ ಅವಸರ ಬೇಡ. ದಲಿತರ ಶಿಕ್ಷಣಕ್ಕಾಗಿ ಬದುಕನ್ನೇ ಕೊಟ್ಟ ಕುದ್ಮುಲ್ ರಂಗರಾಯರ ಹೆಸರಿನ ಮಂಗಳೂರಿನ ಪುರಭವನ, ದಲಿತನಾದ ಚೋಮನ ಕತೆ ಹೇಳುವ ಈ ಚಿತ್ರಕ್ಕೆ ಅರ್ಥಪೂರ್ಣವಾದ ಸ್ಥಳ. ಬೇರೆ ಕಡೆಯಾದರೆ ತಗಡಿನ ಛಾವಣಿಯಿರುವ ಸಭಾಂಗಣವನ್ನು ಖಂಡಿತ ಬಿಟ್ಟುಬಿಡಿ, ಏಕೆಂದರೆ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಮತ್ತು ಈ ಚಿತ್ರದ ಜೀವವಿರುವುದೇ ಶಬ್ದದಲ್ಲಿ. ‘ಘಟಶ್ರಾದ್ಧ’ದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಕಾರಂತರು ಎಂಥ ಕಿವಿಯುಳ್ಳವರೆಂಬುದು ಇಲ್ಲಿ ದುಡಿ ಎಂಬ ಚರ್ಮವಾದ್ಯದ ಪೆಟ್ಟಿನಲ್ಲೇ ತಿಳಿಯುತ್ತದೆ. ಮಾತಿನಲ್ಲಿ ಹೇಳಲಾಗದ ಸಿಟ್ಟನ್ನೂ ದುಃಖವನ್ನೂ ಚೋಮ ಅದರಲ್ಲಿ ಬಾರಿಸುತ್ತಾನೆ. ಕೊನೆಗೆ ಗುಡಿಸಲ ಬಾಗಿಲು ಹಾಕಿಕೊಂಡು ಬಾರಿಸುವಾಗ, ಚೋಮನಾಗಿ ಎಂ.ವಿ. ವಾಸುದೇವರಾಯರ ಅಭಿನಯದಷ್ಟೇ ಆ ಸದ್ದೂ ನಮ್ಮನ್ನು ಕಲಕುತ್ತದೆ. ಆದ್ದರಿಂದ ಹಿಂದಿನ ದಿನವೇ ಈ ಕೊನೆಯ ಭಾಗವನ್ನು ಹಾಕಿ, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ, ಪೆಟ್ಟು ಒಡೆದು ಕೇಳಿಸಿದರೆ ಧ್ವನಿವರ್ಧಕವನ್ನು ಬದಲಿಸಿ.

ಚಿತ್ರಕ್ಕೆ ಮೊದಲು ಭಾಷಣ ಬೇಡ, ಐದು ನಿಮಿಷದ ಪರಿಚಯ ಸಾಕು.

ನಂತರದ ಮಾತುಕತೆಗೆ ಮಾತ್ರ ಧಾರಾಳ ಸಮಯವಿಡಿ. 1974ರ ಭೂಸುಧಾರಣಾ ತಿದ್ದುಪಡಿಯ ಬೆನ್ನಿಗೇ ಬಂದ ಚಿತ್ರವಿದು. ಡಿಕ್ಲರೇಶನ್, ಅಂದರೆ ಗೇಣಿಗೆ ಉಳುತ್ತಿದ್ದ ಭೂಮಿ ತಮಗೆ ಬೇಕೆಂಬ ಅರ್ಜಿ, ಹಾಕಿ ಗೇಣಿಭೂಮಿ ಪಡೆದವರ ಮನೆಗಳು ದಕ್ಷಿಣ ಕನ್ನಡ, ಉಡುಪಿ ಉಭಯ ಜಿಲ್ಲೆಗಳಲ್ಲೂ ಬೇಕಾದಷ್ಟಿವೆ. ಆದರೆ ಚೋಮ ಗೇಣಿದಾರನಲ್ಲ, ಮೂಲದಾಳು, ಅಂದರೆ ಧಣಿಗೆ ಕಟ್ಟುಬಿದ್ದ ಜೀತದಾಳು. ಎತ್ತುಗಳಿದ್ದರೂ ಉಳಲು ಅವನಿಗೆ ಒಂದು ತುಂಡು ಗದ್ದೆಯನ್ನೂ ಕೊಡಲಿಲ್ಲ, ಉಳುವವನಿಗೇ ಭೂಮಿ ಎಂಬ ಕಾನೂನು ಅಂಥವನನ್ನು ಮುಟ್ಟುತ್ತಲೂ ಇರಲಿಲ್ಲ. ಹೀಗಾಗಿ ಅತಿಥಿಗಳಿಗಿಂತ ಮೊದಲು, ಯಾವ ಡಿಕ್ಲರೇಶನ್ನೂ ಹಾಕಲು ಅವಕಾಶವಿಲ್ಲದಿದ್ದ ಮನೆಗಳ ಹಿರಿಯರಿಗೆ ಮೈಕು ಕೊಡಿ. ಅವರು ತುಳುವಿನಲ್ಲೇ ಮಾತಾಡಲಿ, ಒಪ್ಪಿದರೆ ಅದನ್ನು ಧ್ವನಿಮುದ್ರಿಸಿಕೊಳ್ಳಿ.