ಹುಡುಕುವಾಗ ಹೆಸರು ಹೇಳಿಕೊಳ್ಳಿ

ತುಂಬಿದ ಕಪಾಟಿನಲ್ಲೋ ಮೇಜಿನ ಡ್ರಾಯರಿನಲ್ಲೋ ಏನನ್ನಾದರೂ ಹುಡುಕುವಾಗ ಸುಮ್ಮನೆ ಕಣ್ಣಾಡಿಸಬೇಡಿ. ಮೊದಲು ಅದರ ಬಣ್ಣ, ಆಕಾರ ನೆನಪಿಗೆ ತಂದುಕೊಂಡು, ಹೆಸರನ್ನು ಬಾಯಿಬಿಟ್ಟು ಹೇಳುತ್ತಾ ಹುಡುಕಿ: "ಹಳದಿ ಹಿಡಿಯ ಕತ್ತರಿ, ಹಳದಿ ಹಿಡಿಯ ಕತ್ತರಿ". ಮನೆಯವರು ನಕ್ಕರೆ ನಗಲಿ. ಬೇಕಾದದ್ದರ ಚಿತ್ರ ಸ್ಪಷ್ಟವಾಗಿದ್ದರೆ ಮಿದುಳಿನ ಮುಂಭಾಗವು ದೃಷ್ಟಿಯ ಭಾಗಗಳಿಗೆ ಸೂಚನೆ ಕಳುಹಿಸಿ, ಹಳದಿಗೆ ಸ್ಪಂದಿಸುವ ನರಕೋಶಗಳನ್ನು ಚುರುಕುಗೊಳಿಸುತ್ತದೆ. ಉಳಿದ ಸಾಮಾನು ಹಿಂದೆ ಸರಿಯುತ್ತದೆ. ಹೆಸರು ಹೇಳಿಕೊಂಡರೆ ವಸ್ತು ಬೇಗ ಸಿಗುತ್ತದೆ ಎಂಬುದು ಮನಶ್ಶಾಸ್ತ್ರಜ್ಞರಾದ ಲೂಪಿಯನ್ ಮತ್ತು ಸ್ವಿಂಗ್ಲಿ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಕಂಡಿತ್ತು. ಆದರೆ "ಕೆಂಪು ಡಬ್ಬಿ ಬೇಡ" ಎಂದುಕೊಂಡು ಹೊರಟರೆ ಕಣ್ಣು ಮೊದಲು ಕೆಂಪಿಗೇ ಹೋಗುತ್ತದೆ, ಆದ್ದರಿಂದ ಬೇಕಾದದ್ದನ್ನೇ ಹೇಳಿ. ವಸ್ತುವಿನ ರೂಪ ನೀವು ಅಂದುಕೊಂಡಂತೆ ಇಲ್ಲದಿದ್ದರೆ ಮಾತ್ರ ಉಪಾಯ ತಿರುಗುಬಾಣವಾಗುತ್ತದೆ: ಜೀರಿಗೆಯನ್ನು ಯಾರೋ ಹಳೆಯ ಕಾಫಿಪುಡಿ ಡಬ್ಬಿಗೆ ಸುರಿದಿಟ್ಟಿದ್ದರೆ, ಮೂಗಿನ ಮುಂದಿದ್ದರೂ ಕಾಣುವುದಿಲ್ಲ. ಎಲ್ಲವೂ ಒಂದೇ ಬಣ್ಣವಿರುವ ಕಡೆ, ಅಂದರೆ ವಿಮಾನ ನಿಲ್ದಾಣದ ಕಪ್ಪು ಸೂಟ್‌ಕೇಸ್‌ಗಳ ನಡುವೆ, ಬಣ್ಣ ಜಪಿಸಿ ಪ್ರಯೋಜನವಿಲ್ಲ. ಹೊರಡುವ ಮೊದಲೇ ಹಿಡಿಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ, ಆ ರಿಬ್ಬನ್ನನ್ನೇ ಹುಡುಕಿ.