ಜೇಬಿಗೆ ಹಿಡಿಯುವ ಮಲ್ಟಿಮೀಟರ್: ಯಾವುದನ್ನು ಕೊಳ್ಳಬೇಕು, ಹೇಗೆ ಹಿಡಿಯಬೇಕು?

ಮಂಗಳೂರು, ಉಡುಪಿಯ ಮನೆಗಳಲ್ಲಿ ಕರೆಂಟಿನ ತಕರಾರು ಮಳೆಯ ಜೊತೆಗೇ ಬರುತ್ತದೆ. ಗೋಡೆ ಒದ್ದೆ, ಸ್ವಿಚ್‌ಬೋರ್ಡಿನೊಳಗೆ ಇರುವೆ, ಬಾವಿಯ ಪಂಪು ಗುಂಯ್ ಎನ್ನುತ್ತದೆ, ನೀರು ಬರುವುದಿಲ್ಲ. ಟೆಸ್ಟರಿನ ದೀಪ ಫೇಸ್ ಇದೆ ಎಂದಷ್ಟೇ ಹೇಳುತ್ತದೆ. ವೋಲ್ಟೇಜ್ 230 ಇದೆಯೋ 160ಕ್ಕೆ ಇಳಿದಿದೆಯೋ ತಿಳಿಯಲು ಮಲ್ಟಿಮೀಟರೇ ಬೇಕು.

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ವಯರ್ ಚುಚ್ಚುವ ತೂತುಗಳ ಪಕ್ಕದ ಬರಹ. ‘ಕ್ಯಾಟ್-3, 600 ವೋಲ್ಟ್’ ಎಂದಿರಲಿ. ಕ್ಯಾಟ್ ಎಂದರೆ ಮೀಟರಿನ ಸುರಕ್ಷತೆಯ ದರ್ಜೆ. ಮೇನ್ ಬೋರ್ಡಿಗೂ ಅದು ಸಾಕು. ಪ್ರೋಬುಗಳ, ಅಂದರೆ ವಯರಿನ ತುದಿಯಲ್ಲಿ ಕೈಯಲ್ಲಿ ಹಿಡಿಯುವ ಚುಚ್ಚುಕಡ್ಡಿಗಳ ಮೇಲೂ ಅದೇ ಗುರುತು ಇರಬೇಕು, ಬೆರಳು ಜಾರದಂತೆ ಅಂಚು ಇರಬೇಕು. ಅಗ್ಗದ ಹಳದಿ ಮೀಟರುಗಳ 10 ಆಂಪಿಯರ್ ತೂತಿಗೆ ಹೆಚ್ಚಾಗಿ ಫ್ಯೂಸೇ ಇರುವುದಿಲ್ಲ. ಆ ತೂತಿನಲ್ಲಿ ಕೆಂಪು ವಯರ್ ಮರೆತು ಪ್ಲಗ್ಗಿಗೆ ಚುಚ್ಚಿದರೆ ನೇರ ಶಾರ್ಟ್. ಪ್ರೋಬಿನ ತುದಿ ಕೈಯಲ್ಲೇ ಸಿಡಿಯುತ್ತದೆ. ಮನೆ ಕೆಲಸಕ್ಕೆ ಆಂಪಿಯರ್ ಅಳೆಯುವ ಪ್ರಸಂಗ ಬರುವುದೇ ಅಪರೂಪ. ಆ ತೂತೇ ಇಲ್ಲದ ಪುಟ್ಟ ಮೀಟರ್ ಸಿಕ್ಕರೆ ಒಳ್ಳೆಯದೇ.

ಆಟೋ ರೇಂಜ್ (ಅಳತೆಯ ಮಿತಿಯನ್ನು ಮೀಟರೇ ಆರಿಸಿಕೊಳ್ಳುವುದು), ವಯರ್ ಕಡಿದಿಲ್ಲ ಎಂದು ತಿಳಿಸುವ ಬೀಪ್ ಶಬ್ದ, ಬೆಳಕಿನ ಪರದೆ ಬೇಕು. ಬಾವಿ ಪಂಪ್ ಇರುವವರು ಕೆಪಾಸಿಟರನ್ನು, ಅಂದರೆ ಮೋಟಾರು ತಿರುಗಲು ನೆರವಾಗುವ, ಚಾರ್ಜ್ ಹಿಡಿದಿಡುವ ಬಿಡಿಭಾಗವನ್ನು, ಕನಿಷ್ಠ 100 ಮೈಕ್ರೋಫ್ಯಾರಡ್‌ವರೆಗೆ (ಅದರ ಅಳತೆಯ ಮಾನ) ಅಳೆಯುವುದನ್ನೇ ಕೊಳ್ಳಿ. ಉಳಿದ ಗುಂಡಿಗಳೆಲ್ಲ ಅಲಂಕಾರ.

ಪ್ಲಗ್ ಪಾಯಿಂಟ್ ನೋಡುವ ಕ್ರಮ ಹೀಗೆ. ಕೈ, ಕಾಲು ಒಣಗಿರಲಿ, ಚಪ್ಪಲಿ ಇರಲಿ. ಗುಂಡಿಯನ್ನು ಎಸಿ ವೋಲ್ಟಿಗೆ ತಿರುಗಿಸಿ, ಕರೆಂಟ್ ಇದೆ ಎಂದು ಗೊತ್ತಿರುವ ಇನ್ನೊಂದು ಪಾಯಿಂಟಿನಲ್ಲಿ ಮೊದಲು ಮೀಟರನ್ನೇ ಪರೀಕ್ಷಿಸಿ. ಆಮೇಲೆ ಮೂರು ಅಳತೆ. ಎದುರು ನಿಂತಾಗ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್, ಮೇಲಿನ ದೊಡ್ಡ ತೂತು ಅರ್ತ್. ಫೇಸ್–ನ್ಯೂಟ್ರಲ್ 230ರ ಆಸುಪಾಸು. ಫೇಸ್–ಅರ್ತ್ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ತ್ ಒಂದೆರಡು ವೋಲ್ಟ್. ಈ ಕೊನೆಯದು 230 ತೋರಿಸಿ ಫೇಸ್–ಅರ್ತ್ ಸೊನ್ನೆಯಾದರೆ ವಯರ್ ಅದಲುಬದಲಾಗಿದೆ. ಫೇಸ್–ಅರ್ತ್ 90, 70 ಎಂದು ಓಲಾಡಿದರೆ ಅರ್ತ್ ಕಡಿದಿರುವ ಸಾಧ್ಯತೆಯೇ ಹೆಚ್ಚು.

ಈ ಓಲಾಟವೇ ಹಲವರನ್ನು ದಾರಿ ತಪ್ಪಿಸುವುದು. ಡಿಜಿಟಲ್ ಮೀಟರ್ ತನ್ನೊಳಗೆ ಕರೆಂಟನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಹಾಗಾಗಿ ಕಡಿದ ವಯರ್ ಪಕ್ಕದ ಫೇಸಿನಿಂದ ಹೊತ್ತುಕೊಂಡ ಚೂರು ವೋಲ್ಟೇಜನ್ನೂ ತೋರಿಸಿಬಿಡುತ್ತದೆ. ಫೇಸ್–ನ್ಯೂಟ್ರಲ್ ನಡುವೆ ಹೀಗಾದರೆ ಅಲ್ಲಿ ಬಲ್ಬೊಂದನ್ನು ಹಾಕಿ ಮತ್ತೆ ಅಳೆಯಿರಿ. ಸುಳ್ಳು ವೋಲ್ಟೇಜಾದರೆ ಸೊನ್ನೆಗೆ ಬೀಳುತ್ತದೆ.

ಗುಂಯ್ ಎನ್ನುವ ಪಂಪಿಗೂ ಮೊದಲು ವೋಲ್ಟೇಜ್ ನೋಡಿ. ಅದು ಸರಿಯಿದ್ದರೆ ಮೇನ್ ಆಫ್ ಮಾಡಿ, ಕೆಪಾಸಿಟರಿನ ಎರಡೂ ತುದಿಗೆ 60 ವಾಟಿನ ಹಳೆಯ ಬಲ್ಬನ್ನು ಕೆಲವು ಸೆಕೆಂಡ್ ತಾಗಿಸಿ ಚಾರ್ಜ್ ಇಳಿಸಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ. ಒಂದು ವಯರ್ ಬಿಚ್ಚಿ ಅಳೆಯಿರಿ. ಕೆಪಾಸಿಟರಿನ ಮೈಮೇಲೆ 36 ಮೈಕ್ರೋಫ್ಯಾರಡ್ ಎಂದಿದ್ದು ಮೀಟರ್ 28 ತೋರಿಸಿದರೆ ಬದಲಿಸಿ. ಪಂಪಿನ ಮೈಗೆ ಕರೆಂಟ್ ಸೋರುತ್ತಿದೆಯೇ ಎಂಬುದಕ್ಕೆ ಮಾತ್ರ ಈ ಮೀಟರನ್ನು ನಂಬಬೇಡಿ. ಅದಕ್ಕೆ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಸೋರಿಕೆ ಅಳೆಯುವ ಉಪಕರಣ) ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು.

ಮಳೆಗಾಲ ಪೂರ್ತಿ ಮೀಟರ್ ಬಳಸದಿದ್ದರೆ ಸೆಲ್ ತೆಗೆದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಕಡಲ ಕಡೆಯ ಗಾಳಿಗೆ ಸೆಲ್ಲಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯಲು ಹೆಚ್ಚು ದಿನ ಬೇಡ.